ಯೋಜನ: ನೊಗದಿಂದ ನಕ್ಷತ್ರದವರೆಗೆ

‘ಯೋಜನ’ ಎಂಬ ಅಳತೆಯ ಹೆಸರು ‘ಯುಜ್’ ಧಾತುವಿನಿಂದ ಹುಟ್ಟಿದ್ದು. ಕೂಡಿಸು, ನೊಗಕ್ಕೆ ಹೂಡು ಎಂಬುದು ಆ ಧಾತುವಿನ ಅರ್ಥವಾದುದರಿಂದ, ಒಮ್ಮೆ ಹೂಡಿದ ಎತ್ತುಗಳು ನೊಗ ಇಳಿಸುವವರೆಗೆ ಸಾಗುವ ದೂರವೇ ಯೋಜನವೆಂದು ನಿಘಂಟುಗಳು ವಿವರಿಸುತ್ತವೆ. ಕನ್ನಡದ ‘ಗಾವುದ’ಕ್ಕೆ ಮೂಲವೆನ್ನಲಾಗುವ ‘ಗವ್ಯೂತಿ’ಯೂ ಮೊದಲು ದನ ಮೇಯುವ ನೆಲವನ್ನು ಹೇಳುತ್ತಿದ್ದು, ಆಮೇಲೆ ದೂರದ ಹೆಸರಾಯಿತು. ಈ ಎರಡು ಪದಗಳ ಹುಟ್ಟನ್ನು ಮನಗಾಣಲು ಚಳ್ಳಕೆರೆ ಸೀಮೆಯಷ್ಟು ತಕ್ಕ ನೆಲ ಬೇರೊಂದಿಲ್ಲ. ಮೈಸೂರು ಅರಸರ ದನಗಳ ಇಲಾಖೆಯಾದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆಯಿತು. ಫಿರಂಗಿಗಳನ್ನೂ ದಂಡಿನ ಸಾಮಾನನ್ನೂ ಎಳೆಯುತ್ತಿದ್ದ ಆ ಇಲಾಖೆಯ ಎತ್ತುಗಳಿಗಾಗಿ ಮೀಸಲಿರಿಸಿದ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು. ಕುರಿ, ದನಗಳ ಮೇವಿಗೆ ಸುತ್ತಲಿನ ಹಳ್ಳಿಗಳು ಬಹುಕಾಲ ನೆಚ್ಚಿಕೊಂಡಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ ಮೊದಲಾದವುಗಳ ಆವರಣಗಳಿವೆ. ಚಂದ್ರಯಾನ-2ರ ಸಿದ್ಧತೆಗಾಗಿ ಇಸ್ರೊ ಚಂದ್ರನ ಮೈಯನ್ನು ಹೋಲುವ ಕೃತಕ ಕುಳಿಗಳನ್ನು ತೋಡಿಸಿ, ನೌಕೆಯ ಸಂವೇದಕಗಳನ್ನು ವಿಮಾನದಿಂದ ಪರೀಕ್ಷಿಸಿದ್ದು ಇಲ್ಲಿಯ ಉಳ್ಳಾರ್ತಿ ಕಾವಲಿನಲ್ಲಿಯೇ. ಎತ್ತಿನ ನೊಗದ ಪದವೂ ಇದೇ ದಾರಿಯಲ್ಲಿ, ಬಹಳ ಹಿಂದೆಯೇ, ಚಂದ್ರನವರೆಗೆ ನಡೆದಿತ್ತು.

ಮೊದಲಿಗೆ ಅದು ರಾಜ್ಯಗಳ ನಡುವಿನ ದೂರದ ಮಾತಾಗಿತ್ತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಎಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಆಜ್ಞೆಗಳು; ಅವುಗಳಲ್ಲಿ ದೂರದ ಲೆಕ್ಕವಿಲ್ಲ. ಆದರೆ ಅದೇ ಅರಸನ 13ನೆಯ ಬಂಡೆಶಾಸನ ಯವನರಾಜ ಅಂತಿಯೋಕನ ನಾಡು 600 ಯೋಜನಗಳಾಚೆಗಿದೆ ಎನ್ನುತ್ತದೆ.

ಈ ಪದವನ್ನು ಆಕಾಶಕ್ಕೆ ಒಯ್ದವರು ಸಿದ್ಧಾಂತಕಾರರು, ಎಂದರೆ ಗಣಿತ ಜ್ಯೋತಿಷದ ಗ್ರಂಥಗಳನ್ನು ರಚಿಸಿದವರು. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ 8,000 ಪುರುಷಪ್ರಮಾಣಕ್ಕೆ, ಎಂದರೆ ಆಳೆತ್ತರಕ್ಕೆ, ಒಂದು ಯೋಜನ, ಭೂಮಿಯ ವ್ಯಾಸ 1,050 ಯೋಜನ, ‘ಸೂರ್ಯಸಿದ್ಧಾಂತ’ದಲ್ಲಿ ಅದೇ ವ್ಯಾಸ 1,600 ಯೋಜನ. ಭೂಮಿಯ ನಿಜವಾದ ವ್ಯಾಸ 12,742 ಕಿಲೋಮೀಟರು ಎಂದು ಹಿಡಿದು ಭಾಗಿಸಿದರೆ ಮೊದಲನೆಯ ಯೋಜನ ಸುಮಾರು 12 ಕಿಲೋಮೀಟರು, ಎರಡನೆಯದು ಸುಮಾರು 8. ಅನುಕೂಲಕ್ಕೆ ತಕ್ಕಂತೆ ಎಂಟನ್ನೋ ಹನ್ನೆರಡನ್ನೋ ಆರಿಸಿಕೊಂಡು ಪ್ರಾಚೀನರ ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಸಾಧಿಸುವ ವಾಡಿಕೆ ಆ ಗಣಿತಜ್ಞರಿಗೇ ಎಸಗುವ ಅನ್ಯಾಯ. ಏಕೆಂದರೆ ಅವರ ನಿಜವಾದ ಬಲವಿರುವುದು ಯೋಜನದ ಉದ್ದದಲ್ಲಲ್ಲ, ಎರಡು ದೂರಗಳ ನಡುವಿನ ಪ್ರಮಾಣದಲ್ಲಿ. ಚಂದ್ರಕಕ್ಷೆಯ ಸುತ್ತಳತೆ ಆರ್ಯಭಟನಲ್ಲಿ 2,16,000 ಯೋಜನ, ಸೂರ್ಯಸಿದ್ಧಾಂತದಲ್ಲಿ 3,24,000. ಇವುಗಳಿಂದ ಚಂದ್ರನ ದೂರವನ್ನು ತೆಗೆದು ಆಯಾ ಗ್ರಂಥದ ಭೂತ್ರಿಜ್ಯದಿಂದ, ಎಂದರೆ ಭೂವ್ಯಾಸದ ಅರ್ಧದಿಂದ, ಭಾಗಿಸಿದರೆ ಒಂದರಲ್ಲಿ ಸುಮಾರು 65.5, ಇನ್ನೊಂದರಲ್ಲಿ 64.5 ಬರುತ್ತದೆ, ಇಂದಿನ ಸರಾಸರಿ ಬೆಲೆ ಸುಮಾರು 60.3. ಯೋಜನಗಳು ಬೇರೆಯಾದರೂ ಚಂದ್ರ ಹೆಚ್ಚುಕಡಿಮೆ ಅದೇ ಜಾಗದಲ್ಲಿದ್ದಾನೆ.

ಕಕ್ಷೆಯ ಈ ಸಂಖ್ಯೆಗಳು ಕೋನದಿಂದ ಹುಟ್ಟಿದವು. ವೃತ್ತವನ್ನು 21,600 ಕಲೆಗಳಾಗಿ ಭಾಗಿಸುವ ಪದ್ಧತಿಯಲ್ಲಿ ಒಂದು ಕಲೆ ಎಂದರೆ ಒಂದು ಅಂಶದ ಅರವತ್ತನೆಯ ಒಂದು ಪಾಲು. ಚಂದ್ರನ ದೂರದಲ್ಲಿ ಒಂದು ಕಲೆಗೆ ಆರ್ಯಭಟನಲ್ಲಿ 10 ಯೋಜನ, ಸೂರ್ಯಸಿದ್ಧಾಂತದಲ್ಲಿ 15. ಸೂರ್ಯಸಿದ್ಧಾಂತ ಹೇಳುವ ಚಂದ್ರಬಿಂಬದ ವ್ಯಾಸ 480 ಯೋಜನವನ್ನು 15ರಿಂದ ಭಾಗಿಸಿದರೆ 32 ಕಲೆಗಳಾಗುತ್ತವೆ, ಕಣ್ಣಿಗೆ ಕಾಣುವ ಬಿಂಬವೂ ಹೆಚ್ಚುಕಡಿಮೆ ಅಷ್ಟೇ ಇದೆ. ನೊಗದ ಲೆಕ್ಕ ಇಲ್ಲಿ ನೋಟದ ಲೆಕ್ಕವಾಯಿತು. ಯೋಜನದ ಬಾಳಿನಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಸೂರ್ಯನ ವಿಷಯದಲ್ಲಿ ಈ ಲೆಕ್ಕ ಸೋತಿತು, ಆದರೆ ಆ ಸೋಲಿಗೆ ಯೋಜನ ಕಾರಣವಲ್ಲ. ಸೂರ್ಯಚಂದ್ರರೂ ಸೇರಿ ಎಲ್ಲ ಗ್ರಹಗಳೂ ದಿನಕ್ಕೆ ಸಮನಾದ ಯೋಜನಗಳನ್ನು ಕ್ರಮಿಸುತ್ತವೆ ಎಂಬ ಊಹೆಯ ಮೇಲೆ ಸೂರ್ಯಸಿದ್ಧಾಂತ ಸೂರ್ಯಕಕ್ಷೆಯನ್ನು 43,31,500 ಯೋಜನವೆಂದು ಗೊತ್ತುಮಾಡಿದ್ದರಿಂದ, ಸೂರ್ಯ ಚಂದ್ರನಿಗಿಂತ ಹದಿಮೂರು ಪಟ್ಟು ಚಿಲ್ಲರೆ ದೂರದಲ್ಲಿ ಉಳಿದ; ನಿಜವಾಗಿ ಅವನು ಸುಮಾರು 389 ಪಟ್ಟು ದೂರದಲ್ಲಿದ್ದಾನೆ.

ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರದಿಂದ ಹುಟ್ಟಿದ ಇಂದಿನ ಘಟಕಕ್ಕೆ ಖಗೋಳ ಮಾನವೆಂದು ಹೆಸರು; 2012ರಲ್ಲಿ ಅದನ್ನು 14,95,97,870.7 ಕಿಲೋಮೀಟರೆಂದು ನಿಗದಿಪಡಿಸಲಾಯಿತು. ಬೆಳಕು ಒಂದು ವರ್ಷದಲ್ಲಿ ಸಾಗುವ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರು ಒಂದು ಜ್ಯೋತಿರ್ವರ್ಷ. ಒಂದು ಖಗೋಳ ಮಾನದ ಉದ್ದ ಒಂದು ವಿಕಲೆಯ, ಎಂದರೆ ಕಲೆಯ ಅರವತ್ತನೆಯ ಪಾಲಿನ, ಕೋನವಾಗಿ ಕಾಣುವಷ್ಟು ದೂರ ಒಂದು ಪಾರ್ಸೆಕ್, ಅದು 3.26 ಜ್ಯೋತಿರ್ವರ್ಷಗಳಿಗೆ ಸಮ. ಸೂರ್ಯನ ನಂತರ ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 1.3 ಪಾರ್ಸೆಕ್ ದೂರದಲ್ಲಿದೆ. ಆ ದೂರವನ್ನು ಖಗೋಳ ಮಾನಕ್ಕೆ ತರಲು 2,06,265ರಿಂದ ಗುಣಿಸಬೇಕು. ಆರ್ಯಭಟ ತನ್ನ ಜ್ಯಾಕೋಷ್ಟಕಕ್ಕೆ, ಎಂದರೆ ಸೈನ್ ಬೆಲೆಗಳ ಪಟ್ಟಿಗೆ, ಬಳಸಿದ ತ್ರಿಜ್ಯ 3,438 ಕಲೆ. ಅದನ್ನು ಅರವತ್ತರಿಂದ ಗುಣಿಸಿ ವಿಕಲೆಗಳಾಗಿಸಿದರೆ ಹೆಚ್ಚುಕಡಿಮೆ ಅದೇ ಸಂಖ್ಯೆ, 2,06,280, ಬರುತ್ತದೆ.