ಬಿಸಿಲಿನ ವಿದ್ಯುತ್ತಿಗೆ ಸಂಜೆಯ ಸವಾಲು

ರಾಜ್ಯದ ವಿದ್ಯುತ್ ಕ್ಷೇತ್ರದಲ್ಲಿ ಈಗಿನ ಮುಖ್ಯ ಪ್ರಶ್ನೆ ಎಷ್ಟು ಉತ್ಪಾದಿಸಬೇಕು ಎಂಬುದಷ್ಟೇ ಅಲ್ಲ, ಯಾವ ಹೊತ್ತಿನಲ್ಲಿ ಒದಗಿಸಬೇಕು ಎಂಬುದೂ ಆಗಿದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಂದಿನಿಂದ ದಶಕಗಳ ಕಾಲ ಜಲವಿದ್ಯುತ್ತೇ ರಾಜ್ಯದ ಆಧಾರವಾಗಿತ್ತು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಅದರ ಶಿಖರ. ಮಳೆ ಕೈಕೊಟ್ಟಾಗ ಕೊರತೆ ತುಂಬಲು ರಾಯಚೂರು, ಬಳ್ಳಾರಿ ಹಾಗೂ ಯರಮರಸ್‌ನಲ್ಲಿ ಕಲ್ಲಿದ್ದಲು ಸ್ಥಾವರಗಳು ತಲೆ ಎತ್ತಿದವು.

ಇದರ ನಡುವೆ ಆಡಳಿತ ವ್ಯವಸ್ಥೆಯೂ ಬದಲಾಯಿತು. 1999ರಲ್ಲಿ ವಿದ್ಯುತ್ ಮಂಡಳಿಯ ಸ್ಥಾನಕ್ಕೆ ಕೆಪಿಟಿಸಿಎಲ್ ಬಂದಿತು. 2002ರಲ್ಲಿ ವಿತರಣೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಹಾಗೂ ಜೆಸ್ಕಾಂಗಳಿಗೆ ಹಂಚಿಕೆಯಾಗಿ, ಕೆಪಿಟಿಸಿಎಲ್‌ಗೆ ಪ್ರಸರಣದ ಹೊಣೆ ಉಳಿಯಿತು.

ನಂತರದ ದೊಡ್ಡ ತಿರುವು ಪಾವಗಡದ್ದು. ಬರಪೀಡಿತ ತಾಲ್ಲೂಕಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ 2019ರಲ್ಲಿ ಪೂರ್ಣಗೊಂಡಿತು. ರೈತರ ಜಮೀನನ್ನು ಖರೀದಿಸದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ.

ಆದರೆ ಸೂರ್ಯ ಮುಳುಗಿದೊಡನೆ ಈ ಉತ್ಪಾದನೆ ನಿಲ್ಲುತ್ತದೆ. ಮನೆಗಳ ಬೇಡಿಕೆ ಏರುವುದು ಅದೇ ಹೊತ್ತಿಗೆ. ಇದಕ್ಕೆ ಪರಿಹಾರವಾಗಿ ಕೆಪಿಸಿಎಲ್ ರೂಪಿಸಿರುವುದು 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ವಿದ್ಯುತ್ ಹೆಚ್ಚಿರುವಾಗ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಹರಿಸಿ ಉತ್ಪಾದಿಸುವ ವಿಧಾನವಿದು. ನೀರೆತ್ತಲು ಬೇಕಾಗುವ ವಿದ್ಯುತ್ ಮರಳಿ ದೊರೆಯುವುದಕ್ಕಿಂತ ಹೆಚ್ಚು.

ಯೋಜನೆಯ ಪ್ರದೇಶ ಸಿಂಗಳೀಕಗಳ ಅಭಯಾರಣ್ಯಕ್ಕೆ ಸೇರಿದ್ದರಿಂದ ಪರಿಸರವಾದಿಗಳು ವಿರೋಧ ವ್ಯಕ್ತಪಡಿಸಿದ್ದಾರೆ. ಹಿಂದೆ ಲಿಂಗನಮಕ್ಕಿ ಜಲಾಶಯಕ್ಕಾಗಿ ಊರು ತೊರೆದ ಕುಟುಂಬಗಳ ನೆನಪೂ ಈ ಕಣಿವೆಯಲ್ಲಿ ಮಾಸಿಲ್ಲ. ನಗರಗಳ ಸಂಜೆಯ ಬೆಳಕಿಗೆ ಮತ್ತೆ ಮಲೆನಾಡೇ ಬೆಲೆ ತೆರಬೇಕೆ ಎಂಬುದು ಚರ್ಚೆಯ ತಿರುಳು.