ಸೊಲ್ಲಾಪುರದಿಂದ ಚೀನಾಕ್ಕೆ ಹೋದ ಡಾಕ್ಟರು

ನಾವು ಸಣ್ಣವರಿದ್ದಾಗ 1962ರ ಯುದ್ಧ ಮುಗಿದು ಭಾಳ ವರ್ಷ ಆಗಿರಲಿಲ್ಲ. "ಚೀನಾದವರು ಹಾವು-ಕಪ್ಪಿ ತಿನ್ನೋ ಮಂದಿ, ಅವರನ್ನ ನಂಬಬ್ಯಾಡ್ರಿ" ಅಂತ ಕಟ್ಟಿ ಮ್ಯಾಲಿನ ಹಿರಿಯರು ಅನ್ನತಿದ್ದರು. ನಾನೂ ಹಂಗೇ ತಿಳಕೊಂಡಿದ್ದೆ. ಡಾಕ್ಟರ್ ಕೋಟ್ನೀಸರ ಕಥಿ ಕೇಳಿದ ಮ್ಯಾಲೆ ನನ್ನ ತಿಳವಳಿಕೆ ಬದಲಾಯಿತು.

ದ್ವಾರಕಾನಾಥ ಕೋಟ್ನೀಸರು 1910ರಲ್ಲಿ ನಮ್ಮ ಸೊಲ್ಲಾಪುರದಲ್ಲಿ ಹುಟ್ಟಿದರು. ಮುಂಬೈಯಲ್ಲಿ ಡಾಕ್ಟರಕಿ ಕಲಿತರು. 1937ರಲ್ಲಿ ಜಪಾನ್ ಚೀನಾದ ಮ್ಯಾಲೆ ದಂಡು ಒಯ್ದಿತು. ಚೀನಾದ ಸೇನಾಪತಿ ಝೂ ದೇ ನೆಹರೂ ಅವರಿಗೆ ಪತ್ರ ಬರೆದು ಸಹಾಯ ಕೇಳಿದರು. ಆಗ ಕಾಂಗ್ರೆಸ್ ಅಧ್ಯಕ್ಷರು ಸುಭಾಷಚಂದ್ರ ಬೋಸರು. 1938ರ ಸೆಪ್ಟೆಂಬರದಾಗ ಐದು ಮಂದಿ ಡಾಕ್ಟರು ಮುಂಬೈಯಿಂದ ಹಡಗು ಹತ್ತಿದರು. ಅವರೊಳಗ ಕೋಟ್ನೀಸರೂ ಒಬ್ಬರು.

ಕಡಲು ದಾಟಿದರ ಜಾತಿ ಕೆಡತದ ಅನ್ನೋ ಮಂದಿ ಇನ್ನೂ ಇದ್ದ ಕಾಲ ಅದು. ಪರದೇಶ, ತಿಳಿಯದ ಮಾತು, ಮ್ಯಾಲೆ ಯುದ್ಧ. ತಂದಿ ತೀರಿಕೊಂಡ ಸುದ್ದಿ ಅಲ್ಲೇ ಮುಟ್ಟಿತು. ಆದರೂ ಅವರು ತಿರುಗಿ ಬರಲಿಲ್ಲ. ಚೀನೀ ಭಾಷಾ ಕಲಿತರು, ಅದೇ ಭಾಷಾದಾಗ ಹುಡುಗರಿಗೆ ವೈದ್ಯ ಪಾಠ ಹೇಳಿದರು. ಅಲ್ಲಿನ ಸೈನಿಕರ ಊಟ ಏನು ಗೊತ್ತೇನ್ರಿ? ನವಣಿ! ನಮ್ಮ ಹೊಲದಾಗ ಬೆಳೆಯೋ ನವಣಿನೇ. ಹಾವು-ಕಪ್ಪಿ ಮಾತು ಹೇಳಿದ ಹಿರಿಯರಿಗೆ ಇದು ಗೊತ್ತಿರಲಿಲ್ಲ.

1940ರಲ್ಲಿ ಒಂದು ಕದನದಾಗ 72 ತಾಸು ನಿದ್ದಿಲ್ಲದೆ ಗಾಯಾಳುಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಕೆನಡಾದಿಂದ ಬಂದು ಅಲ್ಲೇ ಮಡಿದ ಡಾಕ್ಟರ್ ಬೆಥೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಮುಖ್ಯಸ್ಥರಾದರು. ಅದೇ ವರ್ಷ ಗುವೋ ಚಿಂಗ್‌ಲಾನ್ ಎಂಬ ಚೀನೀ ನರ್ಸಬಾಯಿಯನ್ನು ಲಗ್ನವಾದರು. ಮಗನ ಹೆಸರು ಯಿನ್‌ಹುವಾ. ಯಿನ್ ಅಂದರ ಭಾರತ, ಹುವಾ ಅಂದರ ಚೀನಾ. ಎರಡು ದೇಶ ಒಂದೇ ತೊಟ್ಟಿಲದಾಗ ಮಲಗಿದಂಗಾಯಿತು.

ಮಗ ಹುಟ್ಟಿ ನಾಲ್ಕು ತಿಂಗಳ ಸುಮಾರಿಗೆ, 1942ರ ಡಿಸೆಂಬರ್ 9ಕ್ಕೆ, ಮೂರ್ಛೆರೋಗದಿಂದ ತೀರಿಕೊಂಡರು. ವಯಸ್ಸು ಬರೇ 32. ಹೋದ ಐವರಲ್ಲಿ ತಿರುಗಿ ಬಾರದವರು ಅವರೊಬ್ಬರೇ.

ಮುಂದ 1962ರಲ್ಲಿ ಎರಡೂ ದೇಶ ಬಡಿದಾಡಿದವು. ಆದರ ಚೀನಾದ ಶಿಜಿಯಾಝುವಾಂಗ್ ಊರಾಗ ಅವರ ಸಮಾಧಿ ಇವತ್ತಿಗೂ ಅದ. ಸೊಲ್ಲಾಪುರದಾಗ ಅವರ ಮನಿ ಸ್ಮಾರಕ ಆಗ್ಯದ.

ಭಜನಿ ಮುಗಿದ ಮ್ಯಾಲೆ ನಾನು ಈ ಕಥಿ ಹೇಳತಿರತೀನಿ. ಒಮ್ಮೆ ಒಬ್ಬ ಹುಡುಗ, "ಅಜ್ಜಾ, ಅವರು ಮರಾಠಿಯವರಲ್ಲೇನು? ನಾವ್ಯಾಕ ಹಾಡಬೇಕು?" ಅಂದ. ನಾನಂದೆ: "ತಮ್ಮಾ, ಅವರು ಅಷ್ಟು ದೂರ ಹೋಗಿ ಚೀನಾದವರ ಮಾತು ಕಲಿತರು. ನಾವು ಮರಾಠಿಯವರ ಜೋಡಿ ಒಂದೇ ಸಂತಿ ಮಾಡತೀವಿ, ಒಂದೇ ಬಾವಿ ನೀರು ಕುಡೀತೀವಿ." ಹುಡುಗ ಸುಮ್ಮನಾದ. ಮುಂದಿನ ವಾರ ತಾನೇ ಬಂದು ತಾಳ ಹಿಡಿದ.