ಕರಪತ್ರ ಮನೆಗೆ ಬಂದ ಕಥೆ

ಹೊಸ ಅಂಗಡಿ ತೆರೆದವರು ಮೊದಲೆಲ್ಲ ಕರಪತ್ರಕ್ಕೆ ಪೇಟೆಯ ಪ್ರೆಸ್ಸಿಗೇ ಹೋಗಬೇಕಿತ್ತು. ಅಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಒತ್ತಕ್ಷರಕ್ಕೂ ಬೇರೆ ಮೊಳೆ.

1985ರಲ್ಲಿ ಅಮೆರಿಕದಲ್ಲಿ ಈ ಕೆಲಸ ಮೇಜಿನ ಮೇಲೆ ಬಂತು. ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್, ಲೇಸರ್‌ರೈಟರ್ ಪ್ರಿಂಟರ್, ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಮೂರೂ ಸೇರಿ ಡಿಟಿಪಿ ಹುಟ್ಟಿತು. ಆ ಪ್ರಿಂಟರ್ ಒಂದಕ್ಕೇ ಸುಮಾರು 7,000 ಡಾಲರ್!

ನಮಗೆ ಯಂತ್ರದ ಜೊತೆ ಕನ್ನಡ ಅಕ್ಷರವೂ ಬೇಕಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರ ‘ಬರಹ’, ಆಮೇಲೆ ಬಂದ ‘ನುಡಿ’ ದಾರಿ ಸುಲಭ ಮಾಡಿದವು. ಆದರೂ ಒಂದು ಫಾಂಟಿನಲ್ಲಿ ಟೈಪಿಸಿದ್ದು ಅದೇ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಗೀಚಾಗುತ್ತಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ತೊಡಕು ತಪ್ಪಿತು.

ಇಂದು ಹಪ್ಪಳ ಮಾರುವ ಅಕ್ಕ ತನ್ನ ಜಾಹೀರಾತನ್ನು ಫೋನಿನಲ್ಲೇ ಮಾಡಿ, ಕನ್ನಡದಲ್ಲೇ ಕಳಿಸಬಹುದು. ಯಂತ್ರ ಅಗ್ಗವಾದದ್ದಷ್ಟೇ ಇದಕ್ಕೆ ಕಾರಣವಲ್ಲ. ಅದು ಕನ್ನಡ ಕಲಿತದ್ದೂ ಕಾರಣ.